ವರದಿಗಾರ ವಿದ್ಯುತ್ ಮಂಡಳಿಗೆ ನಿಂತರೆ

[ದೃಶ್ಯ: ಮನೆಯ ಗೋಡೆಯ ಮೇಲಿನ ಮೀಟರ್. ಕೈಯಲ್ಲಿ ಈ ತಿಂಗಳ ಬಿಲ್]

ನಮಸ್ಕಾರ. ಬೆಸ್ಕಾಂ ಬಿಲ್ ಬಂದಾಗ ಮೊದಲು ಮೊತ್ತ ನೋಡುತ್ತೇವೆ, ಆಮೇಲೆ ಸಿಟ್ಟಾಗುತ್ತೇವೆ. ಆದರೆ ಆ ಕಂಪನಿಯ ನಿರ್ದೇಶಕರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲೆವೇ? ಅವರನ್ನು ನಾವು ಆರಿಸಿದ್ದಲ್ಲ. ದರ ನಿಗದಿ ಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ನಾವು ಅಹವಾಲು ಹೇಳಿಕೊಳ್ಳಬಹುದು, ಆಕ್ಷೇಪಣೆ ಸಲ್ಲಿಸಬಹುದು. ಮತ ಮಾತ್ರ ನಮ್ಮ ಕೈಯಲ್ಲಿಲ್ಲ.

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಆ ಮತ ಜನರ ಕೈಯಲ್ಲಿದೆ. ಅಲ್ಲಿನ ವಿದ್ಯುತ್ ಸಂಸ್ಥೆಯ ಹೆಸರು ಸ್ಯಾಕ್ರಮೆಂಟೊ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಊರಿನವರು ಅದನ್ನು ಸ್ಮಡ್ ಎನ್ನುತ್ತಾರೆ. 7 ವಾರ್ಡ್‌ಗಳು, 7 ನಿರ್ದೇಶಕರು, 4 ವರ್ಷಗಳ ಅವಧಿ. ಇಂಥ ಸಂಸ್ಥೆ ಬೇಕೆಂದು ಜನ ಮತ ಹಾಕಿದ್ದು 1923ರಲ್ಲಿ. ಆಗ ವಿದ್ಯುತ್ ಮಾರುತ್ತಿದ್ದ ಖಾಸಗಿ ಕಂಪನಿ ಬಿಟ್ಟುಕೊಡಲಿಲ್ಲ, ವ್ಯಾಜ್ಯ ಎಳೆದಾಡಿತು. ಕೊನೆಗೆ ಸ್ಮಡ್ ವಿದ್ಯುತ್ ಹಂಚಲು ಆರಂಭಿಸಿದ್ದು 1946ರ ಡಿಸೆಂಬರ್ 31ರಂದು.

[ದೃಶ್ಯ: ರಾಂಚೊ ಸೆಕೊದ ಎರಡು ಶೀತಲೀಕರಣ ಗೋಪುರಗಳು]

ಆ ಮತಕ್ಕೆ ಎಷ್ಟು ಶಕ್ತಿ ಎಂದು ತಿಳಿಯಬೇಕಾದರೆ ಈ ಗೋಪುರಗಳನ್ನು ನೋಡಿ. ಇದು ಸ್ಮಡ್ ಕಟ್ಟಿದ ಅಣುವಿದ್ಯುತ್ ಸ್ಥಾವರ, 1975ರಲ್ಲಿ ಕೆಲಸ ಆರಂಭಿಸಿತು. ಮೇಲಿಂದ ಮೇಲೆ ಕೆಟ್ಟು ನಿಂತಿತು. 1985ರ ಡಿಸೆಂಬರಿನ ಅವಘಡದ ನಂತರವಂತೂ ಎರಡು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಯೇ ಇತ್ತು. ಉತ್ಪಾದನೆ ಇಲ್ಲದ ಸ್ಥಾವರದ ಖರ್ಚು ಗ್ರಾಹಕರ ಬಿಲ್ಲಿಗೆ ಏರಿತು. 1989ರ ಜೂನ್ 6ರಂದು ಜನ ಮತಗಟ್ಟೆಗೆ ಹೋಗಿ ಅದನ್ನು ಮುಚ್ಚಬೇಕೆಂದು ತೀರ್ಮಾನಿಸಿದರು. ಮಾರನೆಯ ದಿನವೇ ಸ್ಥಾವರ ನಿಂತಿತು.

ಇಂಥ ಮಂಡಳಿಯ ಸಭೆಗಳಿಗೆ ವರ್ಷಗಟ್ಟಲೆ ತಪ್ಪದೆ ಹೋಗುವ ಹೊರಗಿನವರು ಯಾರು? ಬಹುತೇಕ ಸ್ಥಳೀಯ ವರದಿಗಾರರೇ. ಸಾಲದ ಬಡ್ಡಿ, ಇಂಧನ ಖರೀದಿ ಒಪ್ಪಂದ, ದರ ಪಟ್ಟಿಯ ಅಡಿಟಿಪ್ಪಣಿ, ಎಲ್ಲವನ್ನೂ ಓದಿ ಅರಗಿಸಿಕೊಂಡವರು ಅವರು. ಅಂಥವರೊಬ್ಬರು ಒಂದು ದಿನ, ‘ಈ ಕುರ್ಚಿಗೆ ನಾನೇ ಸ್ಪರ್ಧಿಸುತ್ತೇನೆ’ ಎಂದರೆ?

ಸ್ಪರ್ಧಿಸಲಿ ಎಂದೇ ನಾನು ಹೇಳುತ್ತೇನೆ. ಅಷ್ಟು ಓದಿಕೊಂಡ ಅಭ್ಯರ್ಥಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಅವರು ತೆರಬೇಕಾದ ಬೆಲೆ ಏನೆಂಬುದನ್ನು ಇದೇ ಸ್ಯಾಕ್ರಮೆಂಟೊದ ಒಂದು ಮೊಕದ್ದಮೆ ಹೇಳುತ್ತದೆ.

[ದೃಶ್ಯ: ಹಳೆಯ ಟಿ.ವಿ. ಸ್ಟುಡಿಯೊ]

ವಿಲಿಯಂ ಬ್ರಾಂಚ್ ಅಲ್ಲಿನ ಕೆಒವಿಆರ್ ಟಿ.ವಿ. ಕೇಂದ್ರದ ವರದಿಗಾರ. 1984ರಲ್ಲಿ ಅವರು ನಿಲ್ಲಲು ಹೊರಟದ್ದು ವಿದ್ಯುತ್ ಮಂಡಳಿಗಲ್ಲ, ಲೂಮಿಸ್ ಎಂಬ ಪುಟ್ಟ ಊರಿನ ಕೌನ್ಸಿಲ್‌ಗೆ. ಆದರೂ ಕಾನೂನಿನ ಪ್ರಶ್ನೆ ಒಂದೇ. ಅಮೆರಿಕದ 1934ರ ಸಂಪರ್ಕ ಕಾಯ್ದೆಯ 315ನೇ ಕಲಂ ಪ್ರಕಾರ, ಒಬ್ಬ ಅಭ್ಯರ್ಥಿಗೆ ಪ್ರಸಾರದಲ್ಲಿ ಸಮಯ ಕೊಟ್ಟರೆ ಎದುರಾಳಿಗಳಿಗೂ ಅಷ್ಟೇ ಅವಕಾಶ ಕೊಡಬೇಕು. ಬ್ರಾಂಚ್ ತೆರೆಯ ಮೇಲೆ ಇರುತ್ತಿದ್ದದ್ದು ದಿನಕ್ಕೆ ಸರಾಸರಿ ಮೂರು ನಿಮಿಷ. ಎದುರಾಳಿಗಳಿಗೆ ಕೊಡಬೇಕಾದ ಸಮಯವನ್ನು ಕೇಂದ್ರ ಲೆಕ್ಕ ಹಾಕಿದಾಗ ಒಟ್ಟು 33 ಗಂಟೆಯಾಯಿತು! ನಿಲ್ಲುವುದಾದರೆ ಸಂಬಳವಿಲ್ಲದ ರಜೆ ಹಾಕಿ, ಮರಳಿದಾಗ ಕೆಲಸ ಇರುತ್ತದೆಂಬ ಭರವಸೆ ಕೊಡಲಾಗದು ಎಂದಿತು ಕೇಂದ್ರ.

ಸುದ್ದಿ ಪ್ರಸಾರಕ್ಕೆ ಈ ನಿಯಮದಿಂದ 1959ರಲ್ಲೇ ವಿನಾಯಿತಿ ಸಿಕ್ಕಿದೆಯಲ್ಲ ಎಂದು ಬ್ರಾಂಚ್ ವಾದಿಸಿದರು. ಅಲ್ಲಿನ ಪ್ರಸಾರವನ್ನು ನಿಯಂತ್ರಿಸುವ ಫೆಡರಲ್ ಸಂಪರ್ಕ ಆಯೋಗ ಒಪ್ಪಲಿಲ್ಲ. 1987ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ನ್ಯಾಯಮೂರ್ತಿ ರಾಬರ್ಟ್ ಬೋರ್ಕ್ ಬರೆದ ತೀರ್ಪಿನ ತಿರುಳು ಇದು: ಅಭ್ಯರ್ಥಿಯೇ ಸುದ್ದಿಯಾದಾಗ ಮಾತ್ರ ವಿನಾಯಿತಿ. ಬೆಂಕಿ ಅನಾಹುತದ ವರದಿ ಹೇಳುವಾಗ ಸುದ್ದಿ ಬೆಂಕಿಯದ್ದು, ಹೇಳುವವನದ್ದಲ್ಲ.

ಈ ಕಾನೂನು ಪ್ರಸಾರ ಮಾಧ್ಯಮಕ್ಕೆ ಮಾತ್ರ. ಪತ್ರಿಕೆಗಳು ತಮ್ಮ ನಿಯಮವನ್ನು ತಾವೇ ಮಾಡಿಕೊಳ್ಳುತ್ತವೆ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯ ನೀತಿಸಂಹಿತೆಯಲ್ಲಿ ಸಿಬ್ಬಂದಿ ಎಲ್ಲಿಯೂ ಚುನಾವಣೆಗೆ ನಿಲ್ಲುವಂತಿಲ್ಲ ಎಂದಿದೆ.

ಬ್ರಾಂಚ್ ಅವರ ಬಗ್ಗೆ ನನಗೆ ಮರುಕವಿದೆ. ಹೊಟ್ಟೆಪಾಡಿನ ಕೆಲಸವನ್ನು ಪಣಕ್ಕಿಟ್ಟು ಊರಿನ ಸೇವೆಗೆ ನಿಲ್ಲಬೇಕೆಂದರೆ ಉಳ್ಳವರಷ್ಟೇ ನಿಂತಾರು. ಇಷ್ಟಾದರೂ ತೀರ್ಪು ಸರಿ ಎಂದೇ ನನಗೆ ಅನ್ನಿಸುತ್ತದೆ. ವಿದ್ಯುತ್ ಮಂಡಳಿಯ ವಿಷಯದಲ್ಲಂತೂ ಇನ್ನೂ ಸರಿ. ನಾಮಪತ್ರ ಕಿಸೆಯಲ್ಲಿಟ್ಟುಕೊಂಡು ದರ ಏರಿಕೆಯ ವರದಿ ಬರೆದರೆ, ಆ ವರದಿ ನಿಜವಿದ್ದರೂ ಓದುಗ ಎರಡು ಸಲ ಯೋಚಿಸುತ್ತಾನೆ. ಹಾಗಾಗಿ ನಿಲ್ಲುವ ತೀರ್ಮಾನ ಮಾಡಿದ ದಿನವೇ ಸಂಪಾದಕರಿಗೆ ಹೇಳಬೇಕು, ಅಂದೇ ಆ ವರದಿಗಾರಿಕೆ ಬಿಡಬೇಕು. ಮೂಲಗಳು ಗುಟ್ಟಾಗಿ ಕೊಟ್ಟ ಕಾಗದ ಪ್ರಚಾರದ ಕರಪತ್ರಕ್ಕೆ ಹೋಗಬಾರದು. ಅದನ್ನು ನಂಬಿ ಕೊಟ್ಟದ್ದು ಪತ್ರಕರ್ತರಿಗೆ, ಅಭ್ಯರ್ಥಿಗಲ್ಲ.

ಇದರಲ್ಲಿ ಊರಿಗೂ ಒಂದು ನಷ್ಟವಿದೆ. ಸಣ್ಣ ಪತ್ರಿಕೆಯಲ್ಲಿ ವಿದ್ಯುತ್ ಸಭೆಗೆ ಹೋಗುವವರು ಒಬ್ಬರೇ ಇರುತ್ತಾರೆ. ಅವರೇ ವೇದಿಕೆ ಹತ್ತಿದರೆ ಕೆಳಗಿನ ಕುರ್ಚಿಗೆ ಪತ್ರಿಕೆ ಬೇರೆಯವರನ್ನು ಕಳಿಸಲೇಬೇಕು. ಗೆದ್ದ ನಿರ್ದೇಶಕರ ಮೇಲೂ ಅದೇ ಕಟುವಾದ ಪ್ರಶ್ನೆಗಳು ಬೀಳಬೇಕು, ಹಳೆಯ ಸಹೋದ್ಯೋಗಿ ಎಂಬ ದಾಕ್ಷಿಣ್ಯ ಕೂಡದು. ಅವಧಿ ಮುಗಿದ ಮೇಲೆ ಸುದ್ದಿಮನೆಗೆ ಮರಳಬಹುದೇ ಎಂದು ನೀವು ಕೇಳಬಹುದು. ಕ್ರೀಡೆಗೆ, ಶಿಕ್ಷಣಕ್ಕೆ, ಕೃಷಿಗೆ ಮರಳಲಿ. ವಿದ್ಯುತ್ ವರದಿಗೆ ಮಾತ್ರ ಬೇಡ, ಏಕೆಂದರೆ ಆ ದರ ಪಟ್ಟಿಗೆ ಕೈ ಎತ್ತಿದವರಲ್ಲಿ ಅವರೂ ಒಬ್ಬರು.