ನಡುಗುವುದು ಬೇರೆ, ಅದುರುವುದು ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಏನೂ ಕೇಳುವ ಮೊದಲೇ ನಾನು ಬಾಯಿ ಹಾಕಿದೆ. "ಅಮ್ಮನ ಕೈ ನಡುಗುತ್ತೆ ಡಾಕ್ಟ್ರೇ" ಅಂದೆ. ಅಮ್ಮ ತಕ್ಷಣ ತಿದ್ದಿದಳು. "ನಡುಗಲ್ಲ ಕಣೇ. ನಡುಗೋದು ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ವಾ? ಇದು ಅದುರುತ್ತೆ. ಈ ಹೆಬ್ಬೆರಳು, ಪಕ್ಕದ ಈ ಬೆರಳು, ಅಷ್ಟೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವಾಗಮ್ಮ? ಲೋಟ ಎತ್ತುವಾಗಲೋ, ಕೈ ಸುಮ್ನೆ ಇಟ್ಟಾಗಲೋ?"

"ಸುಮ್ನೆ ಇಟ್ಟಾಗ. ಲೋಟ ಹಿಡಿದ್ರೆ ನಿಂತೋಗುತ್ತೆ."

ಆಗ ನಾನು ಅಮ್ಮನ ಕೈ ಸರಿಯಾಗಿ ನೋಡಿದೆ. ಮಡಿಲ ಮೇಲೆ ಇತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಸಣ್ಣಗೆ ಉಜ್ಜುತ್ತಿತ್ತು, ಒಂದು ಗುಳಿಗೆಯನ್ನು ಉರುಳಿಸುತ್ತಿರುವ ಹಾಗೆ. ಉಳಿದ ಮೈಯೆಲ್ಲ ಅಲುಗದೆ ಕೂತಿತ್ತು. ಏನಾದರೂ ಹಿಡಿಯಲು ಹೋದಾಗ ಕೈ ನಡುಗುವುದು ಒಂದು ಬಗೆ. ವಯಸ್ಸಾದವರಲ್ಲಿ ಅದು ಜಾಸ್ತಿ. ಸುಮ್ಮನಿರುವ ಕೈ ಅದುರುವುದು ಇನ್ನೊಂದು ಬಗೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಈ ಎರಡನೆಯ ಬಗೆಯ ಕಾಯಿಲೆಯನ್ನು ಗಮನಿಸಿ ಬರೆದರು. ಈಗ ಅದಕ್ಕೆ ಅವರದೇ ಹೆಸರಿದೆ. ಆಯುರ್ವೇದದಲ್ಲಿ ಕಂಪವಾತ ಅನ್ನುತ್ತಾರೆ. ಡಾಕ್ಟರು ತಿಳಿಯಬೇಕಾಗಿದ್ದ ಮೊದಲ ವಿಷಯವನ್ನು ಅಮ್ಮ ಒಂದು ಕ್ರಿಯಾಪದದಲ್ಲೇ ಹೇಳಿಬಿಟ್ಟಿದ್ದಳು.

ಅವತ್ತಿನಿಂದ ಈ ಪದಗಳು ನನ್ನ ಬೆನ್ನು ಹತ್ತಿವೆ.

ನೋಡಿ, ಸಡಿಲವಾದ ಹಲ್ಲು ಅಲುಗುತ್ತದೆ. ಕಾಲು ಗಿಡ್ಡವಾದ ಮೇಜು ಅಲ್ಲಾಡುತ್ತದೆ. ಅಳು ತಡೆದುಕೊಂಡ ಮಗುವಿನ ತುಟಿ ಅದುರುತ್ತದೆ. ರೈಲು ಹೋದರೆ ಕಿಟಕಿಯ ಗಾಜು ಅದುರುತ್ತದೆ. ಗಾಳಿಗೆ ದೀಪದ ಕುಡಿ ಹೊಯ್ದಾಡುತ್ತದೆ, ತೆನೆ ತೊನೆಯುತ್ತದೆ. ಕೆಟ್ಟ ದಾರಿಯಲ್ಲಿ ಬಂಡಿ ಕುಲುಕುತ್ತದೆ. ನೆನೆದ ನಾಯಿ ಮೈ ಕೊಡವುತ್ತದೆ. ಒಳ್ಳೆಯ ಮಾತು ಕೇಳಿದವರು ತಲೆದೂಗುತ್ತಾರೆ. ಇಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಹಲ್ಲು ತೊನೆಯುತ್ತದೆ ಅಂದರೆ ಮಕ್ಕಳೂ ನಗುತ್ತಾರೆ. ಈಗ ಎಲ್ಲದಕ್ಕೂ ವೈಬ್ರೇಟ್, ಶೇಕ್ ಅಂದುಬಿಡುತ್ತೇವೆ. ನನಗೆ ಅದು ನಿಜಕ್ಕೂ ನೋವು.

ಇವುಗಳ ನಡುವೆ ನಡುಗು ಅನ್ನುವುದರ ದಾರಿಯೇ ಬೇರೆ. ಫೋಟೋ ತೆಗೆಯುವವರು "ಅಲ್ಲಾಡಬೇಡಿ" ಅನ್ನುತ್ತಾರೆ. ನಾವು ಸ್ವಲ್ಪ ಉಸಿರು ಹಿಡಿದು ನಿಲ್ಲುತ್ತೇವೆ, ಯಾಕೆಂದರೆ ಅದು ನಮ್ಮ ಕೈಲಾಗುವ ಕೆಲಸ. ಚಳಿಯಲ್ಲಿ ನಿಂತವರಿಗೆ "ನಡುಗಬೇಡಿ" ಅಂದರೆ ಏನು ಮಾಡಿಯಾರು? "ಎಲ್ಲಿ, ಸ್ವಲ್ಪ ನಡುಗು ನೋಡೋಣ" ಅಂತ ಯಾರಿಗಾದರೂ ಹೇಳಿದ್ದೀರಾ? ನಾಟಕದ ತಾಲೀಮಿನಲ್ಲಿ ಬಿಟ್ಟರೆ ಆ ಮಾತಿಗೆ ಜಾಗವೇ ಇಲ್ಲ. ನಡುಗುವುದು ನಮ್ಮ ಅಪ್ಪಣೆ ಕೇಳುವುದಿಲ್ಲ. ಅದಕ್ಕೇ ಇರಬೇಕು, "ಕೈ ನಡುಗ್ತಿದೆ", "ಕಾಲು ನಡುಗ್ತಿದೆ" ಅಂತ ಆ ಅಂಗದ ಹೆಸರಲ್ಲೇ ಹೇಳುತ್ತೇವೆ. ಇಲ್ಲವೇ "ನಡುಕ ಬಂತು", "ನಡುಕ ಹುಟ್ಟಿತು" ಅನ್ನುತ್ತೇವೆ. ಕೋಪ ಬಂದ ಹಾಗೆ, ನಿದ್ದೆ ಬಂದ ಹಾಗೆ, ನಡುಕವೂ ತಾನಾಗಿ ಬರುತ್ತದೆ.

ಮೈಯೊಳಗೆ ನಡೆಯುವುದೂ ಹಾಗೇ ಇದೆ. ಚಳಿಗೆ ಮೈ ತಣ್ಣಗಾಗತೊಡಗಿದರೆ ಮಿದುಳು ಸ್ನಾಯುಗಳಿಗೆ ಸುದ್ದಿ ಕಳಿಸುತ್ತದೆ. ಅವು ಪಟಪಟನೆ ಬಿಗಿಯುತ್ತವೆ, ಸಡಿಲಾಗುತ್ತವೆ. ಈ ದುಡಿಮೆಯಿಂದ ಶಾಖ ಹುಟ್ಟುತ್ತದೆ. ಅಂದರೆ ನಡುಕ ಮೈಯೇ ಹಚ್ಚಿಕೊಂಡ ಒಲೆ. ಹೊಸದಾಗಿ ಹುಟ್ಟಿದ ಕೂಸಿಗೆ ಈ ವಿದ್ಯೆ ಇನ್ನೂ ಬಂದಿರುವುದಿಲ್ಲ. ಅದು ತನ್ನೊಳಗಿನ ಒಂದು ಬಗೆಯ ಕಂದು ಕೊಬ್ಬನ್ನು ಉರಿಸಿ ಬೆಚ್ಚಗಿರುತ್ತದೆ. ಹಾಗಾಗಿ, ಕೂಸು ನಡುಗುತ್ತಿಲ್ಲ, ಅದಕ್ಕೆ ಚಳಿಯಿಲ್ಲ ಅಂತ ತಿಳಿಯಬಾರದು. ಜ್ವರದಲ್ಲಿ ಇನ್ನೂ ಸೋಜಿಗ. ಮೈ ಎಷ್ಟು ಬಿಸಿ ಇರಬೇಕು ಅನ್ನುವ ಲೆಕ್ಕವನ್ನೇ ಮಿದುಳು ಏರಿಸಿಬಿಡುತ್ತದೆ. ಆಗ ಎಂದಿನ 37 ಡಿಗ್ರಿ ಕೂಡ ತಣ್ಣಗೆ ಅನ್ನಿಸಿ ಗಡಗಡ ನಡುಗುತ್ತೇವೆ. ಮುಟ್ಟಿದವರಿಗೆ ಸುಡುತ್ತದೆ, ಮಲಗಿದವರಿಗೆ ಚಳಿ. ಚಳಿಜ್ವರ ಅಂತ ಹೆಸರಿಟ್ಟವರು ಇದನ್ನು ಹತ್ತಿರದಿಂದ ನೋಡಿದ್ದರು.

ಭಯಕ್ಕೂ ಇದೇ ಪದ. ಹೆಸರು ಕೇಳಿದರೇ ನಡುಗುತ್ತಾರೆ, ಗುಂಡಿಗೆ ನಡುಗಿತು. ಅಧಿಕಾರ ಹೋಗುವ ಹಾಗಿದ್ದರೆ ಮಾತ್ರ ಕುರ್ಚಿ ಅಲ್ಲಾಡುತ್ತದೆ. ಕುರ್ಚಿಗೆ ಜೀವವಿಲ್ಲ, ಅದು ನಡುಗುವುದಿಲ್ಲ. ಕೂತವರು ನಡುಗಬಹುದು. ಭೂಮಿಯನ್ನು ಮಾತ್ರ ನಾವು ಜೀವ ಇರುವವರ ಸಾಲಿಗೆ ಸೇರಿಸಿಕೊಂಡಿದ್ದೇವೆ. ನೆಲ ನಡುಗಿತು ಅನ್ನುವಾಗ ಯಾರಿಗೂ ತಪ್ಪು ಅನ್ನಿಸುವುದಿಲ್ಲ.

ಈ ಪದ ಬಹಳ ಹಳೆಯದು. ತಮಿಳಿನಲ್ಲಿ ನಡುಂಗು ಅನ್ನುತ್ತಾರೆ. ಅವರ ಅಡಂಗು ನಮ್ಮಲ್ಲಿ ಅಡಗು, ಅವರ ತೂಂಗು ನಮ್ಮಲ್ಲಿ ತೂಗು. ನಡುವಿನ ಸೊನ್ನೆಯನ್ನು ಕನ್ನಡ ಬಿಟ್ಟುಕೊಟ್ಟಿದೆ, ಅಷ್ಟೇ ವ್ಯತ್ಯಾಸ. ಅದುರು ಅನ್ನುವುದಕ್ಕೂ ತಮಿಳಿನಲ್ಲಿ ಅದಿರ್ ಎಂಬ ನಂಟಿದೆ. ಕಂಪ, ಕಂಪನ, ಭೂಕಂಪ ಸಂಸ್ಕೃತದಿಂದ ಬಂದವು. ಹೂವಿನ ಕಂಪು ಅದರ ಕಡೆಯದಲ್ಲ. ಅದು ಕಮ್ಮನೆ ಅನ್ನುವ ನಮ್ಮದೇ ಪದದ ಬಳಗ.

ಈಗ ಒಂದು ಕೆಲಸ ಮಾಡಿ. ನಿಮ್ಮ ರೇಡಿಯೋದ ಸ್ಪೀಕರ್ ಇರುವ ಕಡೆ ಮೆಲ್ಲಗೆ ಬೆರಳಿಡಿ. ನಾನು ಮಾತಾಡಿದಂತೆಲ್ಲ ಅದುರುತ್ತದೆ, ಅಲ್ವಾ? ಇಲ್ಲಿ ನನ್ನ ಗಂಟಲಲ್ಲೂ ಅದುರುತ್ತಿದೆ. ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ. ಅದಕ್ಕೆ ದನಿ ಅನ್ನುತ್ತೇವೆ, ನಡುಕ ಅನ್ನುವುದಿಲ್ಲ. ಸಂಗೀತದವರು ಬೇಕೆಂದೇ ಸ್ವರವನ್ನು ಅಲುಗಿಸುತ್ತಾರೆ. ಅದಕ್ಕೆ ಕಂಪಿತ ಗಮಕ ಎಂದು ಹೆಸರು. ತೋಡಿ ರಾಗದ ಗಾಂಧಾರವನ್ನು ಹಾಗೆ ತೂಗದೆ ಹಾಡಿದರೆ ಅದು ತೋಡಿ ಅನ್ನಿಸುವುದೇ ಇಲ್ಲ. ಕೇಳಿದವರು "ಎಂಥ ಗಮಕ!" ಅನ್ನುತ್ತಾರೆ. ಹಾಡುವವರ ಹಿಡಿತ ತಪ್ಪಿ ಅದೇ ಸ್ವರ ಅಲುಗಿದರೆ "ದನಿ ನಡುಗಿತು" ಅನ್ನುತ್ತಾರೆ. ಕಿವಿಗೆ ಆ ಎರಡರ ಗುರುತು ಎಷ್ಟು ಬೇಗ ಸಿಗುತ್ತದೆ ಅಂತ ನನಗೆ ಇವತ್ತಿಗೂ ಬೆರಗು.

ಅಮ್ಮ ಈಗ ಮಾತ್ರೆ ತಗೊಳ್ತಿದ್ದಾಳೆ. ಬೆರಳು ಅದುರುವುದು ಕಡಿಮೆಯಾಗಿದೆ, ನಿಂತಿಲ್ಲ. ಈ ಭಾಷಣವನ್ನು ಮನೆಯಲ್ಲಿ ಒಂದು ಸಲ ಅವಳ ಎದುರು ಜೋರಾಗಿ ಓದಿದೆ. ಆಸ್ಪತ್ರೆಯ ಮಾತು ಮುಗಿಯುವ ತನಕ ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕೇಳಿದಳು:

"ಅಲ್ಲಿ ನಿನ್ನ ದನಿ ಯಾಕೆ ನಡುಗ್ತು?"

ನಮಸ್ಕಾರ.