ಅಂಬಿಗನನ್ನು ಕರೆದ ಧಾಟಿ

ಎಲ್ಲರಿಗೂ ನಮಸ್ಕಾರ.

ಈಗ ತಾನೇ ಪುಟ್ಟಿ ಹಾಡಿದಳಲ್ಲ, 'ಅಂಬಿಗ ನಾ ನಿನ್ನ ನಂಬಿದೆ' ಅಂತ. ನನ್ನ ಇವತ್ತಿನ ಮಾತೆಲ್ಲ ಆ ಹಾಡಿನ ಬಗ್ಗೆಯೇ. ಮೈಸೂರಿನಲ್ಲಿ ಇದನ್ನು ಕೇಳದ ಮನೆ ಕಡಿಮೆ. ಭಜನೆಯಲ್ಲಿ ಒಂದು ಧಾಟಿ, ಕಚೇರಿಯಲ್ಲಿ ಇನ್ನೊಂದು. ನಮ್ಮಜ್ಜಿ ಹೂ ಕಟ್ಟುತ್ತಾ ಹೇಳಿಕೊಳ್ಳುತ್ತಿದ್ದದ್ದು ಮತ್ತೊಂದು. ಮೂರೂ ನನಗೆ ಇಷ್ಟ. ಆದರೆ ಪುರಂದರದಾಸರು ಹಾಡಿದ ಧಾಟಿ ಯಾವುದು? ಈ ಪ್ರಶ್ನೆ ಹಿಡಿದುಕೊಂಡು ಸುಮಾರು ವರ್ಷ ಓಡಾಡಿದ್ದೇನೆ.

ಮೊದಲು ಹೋಗಿದ್ದು ಪುಸ್ತಕಗಳ ಹತ್ತಿರ. ದಾಸರ ಪದಗಳನ್ನು ಅಚ್ಚು ಹಾಕುವ ಕೆಲಸ ಶುರುವಾದದ್ದು 1850ರಲ್ಲಿ, ಮಂಗಳೂರಿನಲ್ಲಿ. ಮಾಡಿದವರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಸಂಪುಟ ಬಂದಿವೆ. ತಾಳೆಗರಿ ನೋಡಿ, ಹಳೇ ಪುಸ್ತಕ ನೋಡಿ, ಹಾಡಿನ ತಲೆಯ ಮೇಲೆ ಸಿಗುವುದು ರಾಗದ ಹೆಸರು, ತಾಳದ ಹೆಸರು, ಅಷ್ಟೇ. ಒಂದೇ ಹಾಡಿಗೆ ಒಂದು ಪುಸ್ತಕದಲ್ಲಿ ಒಂದು ರಾಗ, ಇನ್ನೊಂದರಲ್ಲಿ ಬೇರೆ.

ಹೋಗಲಿ, ದಾಸರ ಕಾಲದ ರಾಗದ ಹೆಸರೇ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಆಗಲೂ ತೊಂದರೆ ತಪ್ಪುವುದಿಲ್ಲ. ದಾಸರ ಕಾಲ 1484ರಿಂದ 1564 ಅಂತ ಹೇಳುತ್ತಾರೆ. ಅದೇ ಹೊತ್ತಿನಲ್ಲಿ, 1550ರಲ್ಲಿ, ಅದೇ ವಿಜಯನಗರದಲ್ಲಿ ರಾಮಾಮಾತ್ಯ ಅನ್ನುವವನು 'ಸ್ವರಮೇಳಕಲಾನಿಧಿ' ಅನ್ನುವ ಸಂಗೀತಶಾಸ್ತ್ರದ ಗ್ರಂಥ ಬರೆದ. ಅವನು ಮುಖಾರಿ ರಾಗ ಅಂದಾಗ ಹೇಳುತ್ತಿದ್ದ ಸ್ವರಗಳು ನಾವು ಇವತ್ತು ಕನಕಾಂಗಿ ಅನ್ನುವ ರಾಗದ ಸ್ವರಗಳು. ನಮ್ಮ ಈಗಿನ ಮುಖಾರಿಯೇ ಬೇರೆ. ಹೆಸರು ಹಾಗೇ ಉಳಿದಿದೆ, ಒಳಗಿನ ಸ್ವರ ಬದಲಾಗಿ ಹೋಗಿದೆ. ಇದು ಗೊತ್ತಾದ ದಿನ ನನಗೆ ನಿಜವಾಗಿ ಬೇಸರವಾಯಿತು.

ಕಡಲಿನ ಮೇಲೆ ದುಡಿಯುವವರ ಹಾಡಿನ ಕಥೆ ಬೇರೆ. 1839ರಲ್ಲಿ ಅಮೆರಿಕದ ಒಬ್ಬ ಹುಡುಗ, ಫ್ರಾನ್ಸಿಸ್ ಓಲ್ಮ್‌ಸ್ಟೆಡ್, ಆರೋಗ್ಯ ಸುಧಾರಿಸಲಿ ಅಂತ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಖಲಾಸಿಗಳು ಹಗ್ಗ ಎಳೆಯುತ್ತಾ ಹಾಡುತ್ತಿದ್ದದ್ದನ್ನು ಸ್ವರ ಸಮೇತ ಬರೆದುಕೊಂಡ. 1841ರಲ್ಲಿ ಅದು ಅಚ್ಚಾಯಿತು. ಹಾಗಾಗಿ ಆ ಹಾಡು ಹೇಗಿತ್ತು ಅಂತ ಇವತ್ತಿಗೂ ಗೊತ್ತು. ಉಗಿ ಯಂತ್ರ ಬಂದ ಮೇಲೆ ಹಗ್ಗ ಎಳೆಯುವ ಜನ ಕಡಿಮೆಯಾದರು, ಹಾಡೂ ಕಡಿಮೆಯಾಯಿತು. ಕೊನೆಗಾಲದ ಹಾಯಿ ಹಡಗುಗಳಲ್ಲಿ ದುಡಿದ ಸ್ಟ್ಯಾನ್ ಹ್ಯೂಗಿಲ್ ಅನ್ನುವವರು ತಮಗೆ ನೆನಪಿದ್ದ ಹಾಡುಗಳನ್ನೆಲ್ಲ ಸೇರಿಸಿ 1961ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಅವರಿಂದ ನಾನು ಕಲಿತದ್ದು ಒಂದೇ. ದುಡಿಯುವವರ ಹಾಡಿನ ಲಯ ಇರುವುದು ಕೈಯ ಎಳೆತದಲ್ಲಿ. ಎಲ್ಲರೂ ಒಟ್ಟಿಗೆ ಎಳೆಯಬೇಕಾದ ಜಾಗದಲ್ಲೇ ಹಾಡಿನ ಒತ್ತು ಬೀಳುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡು ದಾಸರ ಹಾಡಿಗೆ ವಾಪಸ್ ಬಂದೆ.

ಅವರು ಹಾಡಿದ್ದು ಯಾವ ದೋಣಿಯ ಬಗ್ಗೆ? ಸಾಲಿನಲ್ಲೇ ಇದೆ: 'ತುಂಬಿದ ಹರಿಗೋಲಂಬಿಗ'. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ತುಂಗಭದ್ರೆಯ ಆಚೆ ದಡದ ಆನೆಗೊಂದಿಗೆ ದಾಟಿಸುವ ದೋಣಿಗಳು ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು. ನೇರ ಹೋಗುವುದೇ ಇಲ್ಲ, ಸುತ್ತುತ್ತಲೇ ಹೋಗುತ್ತವೆ ಅಂತಾನೆ. ದಾಸರೂ ಅದೇ ಹೊಳೆ, ಅದೇ ದಡದವರು. ಚರ್ಮದ ಬುಟ್ಟಿಗೆ 'ಒಂಬತ್ತು ಛಿದ್ರ' ಅಂದರೆ ಅದು ನವದ್ವಾರದ ಈ ದೇಹ, ನಿಜ. ಆದರೆ ಹರಿಗೋಲು ಹತ್ತಿದವನು ಮೊದಲು ನೋಡುವುದೂ ಎಲ್ಲಿ ನೀರು ಜಿನುಗುತ್ತಿದೆ ಅಂತಲೇ ಅಲ್ವಾ?

ಈಗ ಸ್ವಲ್ಪ ಬೆರಳು ಮಡಿಸಿ ಮಾತ್ರೆ ಎಣಿಸೋಣ, ಲಘುವಿಗೆ ಒಂದು, ಗುರುವಿಗೆ ಎರಡು. ನಾನು ನಿಧಾನವಾಗಿ ಹೇಳುತ್ತೇನೆ. ತುಂಬಿದ, ಹರಿಗೋ, ಲಂಬಿಗ. ನಾಲ್ಕು, ನಾಲ್ಕು, ನಾಲ್ಕು. ಮುಂದಿನದು: ಹೊಳೆಯ ಭ, ರವ ನೋ, ಡಂಬಿಗ. ಮತ್ತೆ ನಾಲ್ಕು, ನಾಲ್ಕು, ನಾಲ್ಕು. ಸುಳಿಯೊಳು, ಮುಳುಗಿದೆ, ಅಂಬಿಗ. ಆರು ತೆ, ರೆಯ ನೋ, ಡಂಬಿಗ. ಎಲ್ಲದರಲ್ಲೂ ಹನ್ನೆರಡು ಮಾತ್ರೆ, ಎಲ್ಲದರಲ್ಲೂ ಅಂಬಿಗ ಅನ್ನುವ ಕರೆ ಬಂದು ಕೂರುವುದು ಮೂರನೇ ನಾಲ್ಕರಲ್ಲಿ. ಎಲ್ಲ ಸಾಲೂ ಇಷ್ಟು ಅಚ್ಚುಕಟ್ಟಾಗಿಲ್ಲ, ಕೆಲವು ಕಡೆ ಒಂದೆರಡು ಮಾತ್ರೆ ಹೆಚ್ಚು ಬರುತ್ತದೆ. ಆದರೂ ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಧಾಟಿ ಹೋದರೂ ಲಯ ಉಳಿದಿದೆ, ಮೂರನೇ ಹೊಡೆತಕ್ಕೆ ಅಂಬಿಗನ ಹುಟ್ಟು ನೀರಿಗೆ ಬೀಳುತ್ತಿತ್ತು, ಇದು ಅಂಬಿಗರು ದುಡಿಯುತ್ತಾ ಹಾಡಿದ ಹಾಡು ಅಂತ ತೀರ್ಮಾನ ಮಾಡಿಬಿಟ್ಟೆ.

ಪರೀಕ್ಷೆ ಮಾಡಲು ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದೆ. ಅಲ್ಲಿ ಹರಿಗೋಲಿಗೆ ತೆಪ್ಪ ಅಂತಾರೆ. ಈಗ ಚರ್ಮ ಇಲ್ಲ. ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ಬಿಸಿಲಿಗೆ ಟಾರು ಮೆತ್ತಗಾಗಿ ಪಂಚೆಗೆ ಅಂಟುತ್ತದೆ. ತೆಪ್ಪದ ಯಜಮಾನರು ಅರವತ್ತು ದಾಟಿದವರು. ಒಂದೇ ಹುಟ್ಟು. ಮುಂದೆ ಚಾಚಿ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಕಡೆ ಎಳೆದರೆ ತೆಪ್ಪ ತಿರುಗಣಿಯಾಗುತ್ತದೆ. ನಾನು ಹಾಡು ಹೇಳಿ, ಎಣಿಕೆ ವಿವರಿಸಿ, ಹುಟ್ಟು ಹಾಕುವಾಗ ಹೀಗೇ ಹಾಡುತ್ತಿದ್ದಿರಾ ಅಂತ ಕೇಳಿದೆ.

ಅವರು ಹುಟ್ಟು ನಿಲ್ಲಿಸಲಿಲ್ಲ. 'ಸೆಳವಲ್ಲಿ ಹಾಡಾಕೆ ಉಸ್ರು ಎಲ್ ಉಳೀತದೆ ಮೇಷ್ಟ್ರೇ? ಬಾಯ್ ಮುಚ್ಕಂಡು ಹುಟ್ಟಾಕ್ಬೇಕು' ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. 'ನೀವ್ ಯೋಳೋ ಹಾಡು ನಮ್ದಲ್ಲ ಬುಡಿ. ಅಂಬಿಗಾ ಅಂತ ಕರೆಯೋನು ಅಂಬಿಗ ಅಲ್ಲ. ದಡದ್ ಮ್ಯಾಲೆ ನಿಂತೋನು.'

ನಾನು ಇಷ್ಟು ವರ್ಷ ಕಾಣದೆ ಇದ್ದದ್ದು ಅದೇ. ಖಲಾಸಿಗಳ ಹಾಡನ್ನು ಖಲಾಸಿಗಳೇ ಹಾಡುತ್ತಾರೆ. ದಾಸರ ಹಾಡು ಅಂಬಿಗನದಲ್ಲ, ದಾಟಬೇಕಾದವನದು. ಅಂಬಿಗ ಕೇಳಿಸಿಕೊಳ್ಳುವವನು.

ಹಾಗಾದರೆ ದಡದಿಂದ ಹೇಗೆ ಕರೆಯುತ್ತಿದ್ದರು ಅಂತ ಕೇಳಿದೆ. ಸೇತುವೆ ಆಗುವ ಮುಂಚೆ ಅವರ ಅಪ್ಪನನ್ನು ಜನ ಆಚೆ ದಡದಿಂದ ಕೂಗುತ್ತಿದ್ದರಂತೆ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟರು. ಎರಡೂ ಕೈ ಬಾಯಿಗೆ ಹಿಡಿದರು. 'ಓ ತೆಪ್ಪದಣ್ಣಾ!' ಮೊದಲ ಓಕಾರ ಎತ್ತರದಲ್ಲಿ, ಉಸಿರು ಇರುವಷ್ಟು ಉದ್ದ. ನಡುವಿನ ಅಕ್ಷರಗಳು ಬೇಗ ಬೇಗ. ಕೊನೆಯ ಅಣ್ಣಾ ಮಾತ್ರ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋಯಿತು. ನೀರಿನ ಮೇಲೆ ವ್ಯಂಜನ ಕೇಳಿಸುವುದಿಲ್ಲ, ಸ್ವರ ಮಾತ್ರ ದಾಟುತ್ತದೆ. ಶಾಲೆಯ ವ್ಯಾಕರಣದಲ್ಲಿ ಪ್ಲುತ ಅಂತ ಓದಿದ್ದೆವಲ್ಲ, ದೂರದವರನ್ನು ಕರೆಯುವಾಗ ಮೂರು ಮಾತ್ರೆ ಎಳೆಯುವುದು, ಅದು ಕಿವಿಯ ಪಕ್ಕದಲ್ಲೇ ಆಯಿತು.

ಅವತ್ತಿನಿಂದ ಈ ಹಾಡನ್ನು ನಾನು ಬೇರೆ ರೀತಿ ಕೇಳುತ್ತಿದ್ದೇನೆ. ಪಲ್ಲವಿ ದಡದ ಮೇಲಿದೆ. ಅದು ಕೂಗು, ತಾಳಕ್ಕೆ ಕಟ್ಟುಬಿದ್ದದ್ದಲ್ಲ. ಚರಣ ಹರಿಗೋಲಿನ ಒಳಗಿದೆ. ತೂತು, ಸೆಳವು, ಸುಳಿ, ತೆರೆ, ಕೊನೆಗೆ 'ಸತ್ಯವೆಂಬ ಹುಟ್ಟು', ಎಲ್ಲ ನೀರಿನ ನಡುವೆ ಕಾಣುವಂಥವು. ಅಲ್ಲಿ ನಾಲ್ಕು ನಾಲ್ಕರ ಎಣಿಕೆ ಶುರುವಾಗುತ್ತದೆ. ಹುಟ್ಟು ಹಾಕುವವನು ಸುಮ್ನೆ ಇರುತ್ತಾನೆ. ಎದುರು ಕೂತು ಹೆದರಿದವನು ಅವನ ಕೈ ನೋಡುತ್ತಾ, ಪ್ರತಿ ಎಳೆತಕ್ಕೂ ಅಂಬಿಗ, ಅಂಬಿಗ ಅನ್ನುತ್ತಾನೆ. ಇದಕ್ಕೆ ತಾಳೆಗರಿಯ ಸಾಕ್ಷಿ ಇಲ್ಲ, ನನ್ನ ಕಿವಿಯ ಸಾಕ್ಷಿ ಇದೆ. ಆದರೂ ಪಲ್ಲವಿಗೂ ಚರಣಕ್ಕೂ ಒಂದೇ ಓಟ ಕೊಟ್ಟು ಹಾಡಿದಾಗ ಏನೋ ಕೈತಪ್ಪಿದ ಹಾಗೆ ನನಗೆ ಅನಿಸುತ್ತದೆ.

ನಿಮ್ಮಲ್ಲಿ ತಲಕಾಡು, ತಿರುಮಕೂಡಲು ನರಸೀಪುರದ ಕಡೆಯವರು ಇದ್ದೀರಿ. ಸೇತುವೆಗೆ ಮುಂಚೆ ಹೊಳೆ ದಾಟಿದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಒಂದು ಸಲ ಕೇಳಿ, ನೀವು ಹೇಗೆ ಕೂಗುತ್ತಿದ್ದಿರಿ ಅಂತ. ಹೇಳಿಸಬೇಡಿ, ಕೂಗಿಸಿ. ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ.

ಯಜಮಾನರ ಕೂಗನ್ನು ನಾನೂ ಹಾಗೇ ಹಿಡಿದುಕೊಂಡು ಬಂದಿದ್ದೇನೆ. ಗಾಳಿಯ ಸದ್ದು ಜಾಸ್ತಿ ಇದೆ, ಸ್ವಲ್ಪ ಕಿವಿಗೊಡಿ. ಫ್ಯಾನ್ ಆರಿಸಿದರೆ ಒಳ್ಳೆಯದು. ಪುಟ್ಟಿ, ನೀನೂ ಇಲ್ಲಿ ಮೈಕಿನ ಹತ್ತಿರ ಬಾ ಮಗಳೇ. ಅವರ ಕೂಗು ಮುಗಿದ ತಕ್ಷಣ, ತಾಳ ಹಾಕದೆ, ಪಲ್ಲವಿ ಎತ್ತಿಕೋ.