ಮಜ್ಜಿಗೆ ಬಾಟಲಿಯ ಪೊರೆ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯ ಬಿಸಿಲಿಗೆ ಮಜ್ಜಿಗೆ ಇಲ್ಲದೆ ಮಧ್ಯಾಹ್ನ ಕಳೆಯುವುದಿಲ್ಲ. ತೊಗರಿ ಹೊಲಕ್ಕೆ, ಆಫೀಸಿಗೆ ಹೋಗುವವರು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಂಜೆ ಅದನ್ನು ತೊಳೆಯುವವರಿಗೆ ಗೊತ್ತು, ನೀರು ಹಾಕಿ ಎಷ್ಟು ಕುಲುಕಿದರೂ ಒಳಗೆ ಮಸುಕು ಪೊರೆ ಉಳಿಯುತ್ತದೆ. ಅದರಲ್ಲಿ ಕೊಬ್ಬೂ ಇದೆ, ಪ್ರೋಟೀನೂ ಇದೆ. ಇವತ್ತು ಪ್ರೋಟೀನಿನ ಮಾತು.

ಪ್ರೋಟೀನ್ ತಾನಾಗಿಯೇ ಪ್ಲಾಸ್ಟಿಕ್ಕಿಗೆ ಅಂಟುತ್ತದೆ ಅನಿಸುತ್ತದೆ, ಅಲ್ವಾ? ಹಿಂದೆ ನಿಂತು ತಳ್ಳುವುದು ನೀರು. ಪ್ಲಾಸ್ಟಿಕ್ ಮೇಲೆ ಒಂದು ಹನಿ ಬಿಟ್ಟು ನೋಡಿ, ಹರಡದೆ ಗುಂಡಗೆ ಕೂರುತ್ತದೆ. ನೀರಿಗೆ ಪ್ಲಾಸ್ಟಿಕ್ ಆಗಿಬರುವುದಿಲ್ಲ. ಪ್ರೋಟೀನಿನಲ್ಲೂ ಎಣ್ಣೆಯಂಥ, ನೀರಿಗೆ ಆಗದ ಭಾಗಗಳಿವೆ. ಆ ಭಾಗ ಪ್ಲಾಸ್ಟಿಕ್ಕಿಗೆ ತಾಗಿ ಕೂತರೆ, ನಡುವೆ ಸಿಕ್ಕಿಕೊಂಡಿದ್ದ ನೀರಿನ ಅಣುಗಳಿಗೆ ಬಿಡುಗಡೆ. ಅದಕ್ಕೇ ಆ ಅಂಟು ಅಷ್ಟು ಗಟ್ಟಿ.

ಸುತ್ತಲಿನ ದ್ರವ ಬದಲಾದರೆ ಅಂಟೂ ಬದಲಾಗುತ್ತದೆ. ಆಲ್ಕೋಹಾಲ್ ಬೆರೆಸಿದರೆ ನೀರಿನ ಈ ತಳ್ಳಾಟ ತಗ್ಗುತ್ತದೆ. ಜಾಸ್ತಿ ಬೆರೆಸಿದರೆ ಪ್ರೋಟೀನ್ ಮಡಿಚಿಕೊಂಡಿರುವ ಆಕಾರವೇ ಕೆಡುತ್ತದೆ. ಹುಳಿಯದು ಬೇರೆ ಕತೆ. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಹಾಲಿನ ಪಿಎಚ್ ಸುಮಾರು 6.7. ಹುಳಿಯಾಗುತ್ತಾ ಅದು 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನಿನ ಮೇಲಿನ ಪ್ಲಸ್, ಮೈನಸ್ ಚಾರ್ಜುಗಳು ಸರಿಸಮವಾಗುತ್ತವೆ. ಆಗ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳದೆ ಒತ್ತೊತ್ತಾಗಿ ಕೂರುತ್ತವೆ. ಮೊಸರು ಹೆಪ್ಪಾಗುವುದೂ ಹೀಗೆಯೇ. ಇನ್ನು ಬಾಟಲಿ ತೊಳೆಯುವಾಗ ಮೊದಲೇ ಕುದಿನೀರು ಹಾಕಬೇಡಿ, ಪ್ರೋಟೀನ್ ಬೆಂದು ಇನ್ನೂ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪಿನ ಬಿಸಿನೀರು.

ಬಾಟಲಿಯದು ಸಣ್ಣ ತೊಂದರೆ. ಆದರೆ ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದು, ಡೆಂಗಿ ಇರಬಹುದೆಂದು ಎಲೈಸಾ ಎಂಬ ರಕ್ತಪರೀಕ್ಷೆಗೆ ಬರೆದುಕೊಟ್ಟರೆ? ಅಲ್ಲಿಯೂ ನಡೆಯುವುದು ಇದೇ ಅಂಟಿನ ಕೆಲಸ. ಪರೀಕ್ಷೆಯ ತಟ್ಟೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು, 96 ಗುಳಿಗಳಿರುತ್ತವೆ. ಗುಳಿಯೊಳಗೆ ಮೊದಲು, ರಕ್ತದಲ್ಲಿರುವ ಕಾಯಿಲೆಯ ಗುರುತನ್ನು ಹಿಡಿಯಲು ಬೇಕಾದ ಪ್ರೋಟೀನನ್ನು ಅಂಟಿಸಬೇಕು. ಅದನ್ನು ಸುಮ್ನೆ ನೀರಲ್ಲಿ ಕಲಸಿ ಸುರಿಯುವುದಿಲ್ಲ. ಹೆಚ್ಚಾಗಿ ಪಿಎಚ್ 9.6ರ ಕಾರ್ಬೊನೇಟ್ ದ್ರಾವಣದಲ್ಲಿ ಬೆರೆಸಿ, 4 ಡಿಗ್ರಿ ತಂಪಿನಲ್ಲಿ ರಾತ್ರಿಯಿಡೀ ಇಡುತ್ತಾರೆ. ಸರಿಯಾಗಿ ಅಂಟದಿದ್ದರೆ ಇರುವ ಕಾಯಿಲೆ ಕಾಣದೇ ಹೋಗಬಹುದು. ಖಾಲಿ ಉಳಿದ ಜಾಗದಲ್ಲಿ ಬೇರೆ ಪ್ರೋಟೀನ್ ಬಂದು ಕೂತರೆ ಇಲ್ಲದ ಕಾಯಿಲೆ ಇದೆ ಅಂತ ತೋರಬಹುದು. ಆ ಖಾಲಿ ಜಾಗ ಮುಚ್ಚಲು ಎಷ್ಟೋ ಲ್ಯಾಬುಗಳಲ್ಲಿ ಏನು ಬಳಸುತ್ತಾರೆ ಗೊತ್ತಾ? ಕೆನೆ ತೆಗೆದ ಹಾಲಿನ ಪುಡಿ! ನಿಮ್ಮ ಬಾಟಲಿಗೆ ಅಂಟಿದ ಅದೇ ಕೇಸೀನ್. ನಂತರ ಉಪ್ಪಿನ ದ್ರಾವಣಕ್ಕೆ ಟ್ವೀನ್ ಎಂಬ ಸೋಪಿನಂಥ ವಸ್ತುವನ್ನು ಒಂದಿಷ್ಟು ಬೆರೆಸಿ, ಮತ್ತೆ ಮತ್ತೆ ತೊಳೆಯುತ್ತಾರೆ. ಸಡಿಲವಾಗಿ ಕೂತದ್ದು ಹೋಗಬೇಕು, ಗಟ್ಟಿಯಾಗಿ ಕೂತದ್ದು ಉಳಿಯಬೇಕು.

ನಮಸ್ಕಾರ.